ಶುಂಠಿ ಜಾಸ್ತಿ ಹಾಕಿದ ಕಷಾಯ

ಕೊಪ್ಪಕ್ಕೆ ಬಂದ ಮೊದಲ ಸಂಜೆಯೇ ಪಕ್ಕದ ಮನೆಯ ಹೆಂಗಸು ಪೆಟ್ಟು ತಿನ್ನುವ ಸದ್ದು ನಮ್ಮ ಮನೆಯೊಳಗೆ ಕೇಳಿಸಿತು. ನಾನು ಗೋಡೆಗೆ ಕಿವಿಯಿಟ್ಟು ಕೇಳಿದ್ದಲ್ಲ. ಬಸ್ ನಿಲ್ದಾಣದ ಹಿಂದಿನ ಆ ಸಾಲು ಮನೆಗಳಲ್ಲಿ ನಡುಗೋಡೆಗಳು ಸೂರಿನ ತನಕ ಹೋಗುವುದಿಲ್ಲ. ಆಳೆತ್ತರಕ್ಕಿಂತ ತುಸು ಮೇಲಕ್ಕೆ ನಿಂತುಬಿಡುತ್ತವೆ. ಅದರ ಮೇಲೆ ಹೆಂಚಿನ ಮಾಡು ಎಲ್ಲ ಮನೆಗಳಿಗೂ ಒಂದೇ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಸಾಲಿನವರೆಲ್ಲ ಸೀನುತ್ತಾರೆ. ಗುಳೇದಗುಡ್ಡದಲ್ಲಿ ನಮ್ಮದು ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಅಲ್ಲಿ ಪಕ್ಕದ ಮನೆಯಲ್ಲಿ ಏನಾಯಿತೆಂದು ತಿಳಿಯಲು ಮರುದಿನ ನೀರಿಗೆ ಹೋದಾಗ ಯಾರಾದರೂ ಹೇಳಬೇಕು. ಇಲ್ಲಿ ಯಾರೂ ಹೇಳಬೇಕಾಗಿರಲಿಲ್ಲ.

ಇನ್ನೊಂದು ಸಂಗತಿ ಅದಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸಿತು. ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಅದೇ ಗೋಡೆಯ ಮೇಲಿಂದ ಅದೇ ಹೆಂಗಸಿನ ದನಿ ಬಂತು: "ಸ್ವಾಮಿ, ಏಳಿ. ಬೆಳಗಾಯ್ತು." ಹೊರಗೆ ಹೋಗಿ ನೋಡಿದೆ. ಮೊನ್ನೆ ಸಂಜೆ ಚರಂಡಿಯ ಪಕ್ಕದಿಂದ ಇಬ್ಬರು ಎತ್ತಿ ತಂದು ಮಲಗಿಸಿದ್ದ ಗಂಡಸು ಕಪ್ಪು ಪಂಚೆ ಉಟ್ಟು, ಕೊರಳಲ್ಲಿ ತುಳಸಿಮಣಿ ಸರ ಹಾಕಿಕೊಂಡು ಜಗುಲಿಯ ಮೇಲೆ ನಿಂತಿದ್ದ. ಹೆಂಡತಿ ಅವನ ಕಾಲಿನ ಮುಂದೆ ನೆಲಕ್ಕೆ ಹಣೆ ಹಚ್ಚಿದಳು. ಎದುರುಮನೆಯ ಮುದುಕರೂ ಕೈಮುಗಿದರು.

ಅಯ್ಯಪ್ಪನ ಮಾಲೆ ನಮ್ಮ ಕಡೆಗೂ ಬಂದಿದೆ. ಆದರೆ ಇಲ್ಲಿನಷ್ಟು ನಮ್ಮಲ್ಲಿಲ್ಲ. ಕಾರ್ತಿಕ ಬಂತೆಂದರೆ ಕೊಪ್ಪದ ಪೇಟೆಯಲ್ಲಿ ಆಟೋದವನು ಸ್ವಾಮಿ, ಮೀನು ಮಾರುವುದನ್ನು ನಿಲ್ಲಿಸಿದವನು ಸ್ವಾಮಿ, ಹೋಟೆಲಿನಲ್ಲಿ ಲೋಟ ತೊಳೆಯುವವನೂ ಸ್ವಾಮಿ. ಬರಿಗಾಲು, ತಣ್ಣೀರು ಸ್ನಾನ, ಚಾಪೆಯ ಮೇಲೆ ನಿದ್ದೆ. ಕುಡಿತವಿಲ್ಲ. ಯಾವ ಹೆಂಗಸೂ ಮುಟ್ಟುವ ಹಾಗಿಲ್ಲ. ಒಂದು ಮಂಡಲ ಹೀಗೆ ವ್ರತದಲ್ಲಿದ್ದು ಶಬರಿಮಲೆಗೆ ಹೋಗಿಬರುವುದು.

ನಾವು ಇಲ್ಲಿಗೆ ಬಂದದ್ದು ಮಗ್ಗ ನಿಂತಿದ್ದಕ್ಕೆ. ಖಣ ನೇಯುವ ಮನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ ಅದು. ನಮ್ಮವರು ಮೋಟಾರ್ ವೈಂಡಿಂಗ್ ಕಲಿತಿದ್ದರು. ತೋಟಗಳ ಪಂಪ್‌ಸೆಟ್ಟು ಸುಡುವ ಊರಿದು, ಕೆಲಸಕ್ಕೆ ಬರಗಾಲವಿಲ್ಲ ಎಂದು ಗೆಳೆಯರೊಬ್ಬರು ಕರೆದರು. ನಾನು ಹೊಲಿಗೆ ಯಂತ್ರವನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಸಿ ತಂದೆ. ಪೇಟೆಯಲ್ಲಿ ವೈಂಡಿಂಗ್ ಅಂಗಡಿಯ ಅರ್ಧ ಬಾಗಿಲು ನನ್ನದಾಯಿತು. ಊರವರಿಗೆ ನಾನು "ಹುಬ್ಬಳ್ಳಿ ಕಡೆ ಟೈಲರ್ ಅಕ್ಕ". ಹುಬ್ಬಳ್ಳಿಗೂ ನಮ್ಮೂರಿಗೂ ಎಷ್ಟು ದೂರ ಎಂದು ಹೇಳಿ ಹೇಳಿ ಸೋತು ಬಿಟ್ಟೆ.

ಪಕ್ಕದ ಮನೆಯವಳ ಹೆಸರು ಸರೋಜ, ತವರು ನರಸಿಂಹರಾಜಪುರದ ಹತ್ತಿರ ಸೀತೂರು. ಗಂಡ ಚಂದ್ರಣ್ಣ ಹೆಂಚು ಕೈಯಾಡಿಸುವವನು. ಹಾಗೆಂದರೆ ಮಳೆ ಹಿಡಿಯುವ ಮೊದಲು ಮಾಡು ಹತ್ತಿ, ಒಡೆದ ಹೆಂಚು ತೆಗೆದು, ಪಾಚಿ ಕೆರೆದು, ಸರಿದದ್ದನ್ನು ಮತ್ತೆ ಕೂರಿಸುವುದು. ಶೃಂಗೇರಿ ಕಡೆ ನೆಮ್ಮಾರ್, ಕೆರೆಕಟ್ಟೆಯವರೆಗೂ ಅವನನ್ನೇ ಕರೆಯುತ್ತಿದ್ದರು. ಬೆಳಿಗ್ಗೆ ಅವನ ಕೈ ನೋಡಿದರೆ ಹೆಂಚು ಕೊಡಲು ಭಯವಾಗಬೇಕು, ಅಷ್ಟು ನಡುಕ. ಒಂದು ಕೊಟ್ಟೆ ಹೊಟ್ಟೆಗೆ ಹೋದರೆ ಕೈ ನಿಲ್ಲುತ್ತಿತ್ತು. ಇಲ್ಲಿ ಕೊಟ್ಟೆ ಎಂದರೆ ಪ್ಲಾಸ್ಟಿಕ್ ಚೀಲ. ಸಾರಾಯಿ ಆಗ ಅದರಲ್ಲೇ ಬರುತ್ತಿತ್ತು, ಇನ್ನೂ ಸರ್ಕಾರ ನಿಲ್ಲಿಸಿರಲಿಲ್ಲ. ಕೈ ನಿಂತ ಮೇಲೆ ಅವನು ಮಾಡಿನ ಮೇಲೆ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ಸಂಜೆಗೆ ಮತ್ತೆ ಚರಂಡಿ.

ಮಾಲೆ ಹಾಕಿದ ಮೇಲೆ ಇದೆಲ್ಲ ನಿಂತಿತು. ನನಗೆ ನಂಬಲಾಗಲಿಲ್ಲ. ಗೋಡೆಯ ಆ ಕಡೆಯಿಂದ ಭಜನೆ ಕೇಳುತ್ತಿತ್ತು, ಬೈಗುಳವಿಲ್ಲ. ಬೆಳಕು ಹರಿಯುವ ಹೊತ್ತಿಗೆ ಸರೋಜ ಸ್ಟೀಲ್ ಲೋಟದಲ್ಲಿ ಕಷಾಯ ಕಲಕುವ ಸದ್ದು. ಕಷಾಯ ಎಂದರೆ ನಮಗೆ ಜ್ವರ ಬಂದಾಗ ಮೂಗು ಮುಚ್ಚಿ ಕುಡಿಯುವ ಮದ್ದು. ಇಲ್ಲಿ ಹಾಗಲ್ಲ. ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿ, ಹಾಲು ಬೆಲ್ಲ ಹಾಕಿ ಕುದಿಸಿ, ಬಂದವರಿಗೆಲ್ಲ ಚಹಾದ ಹಾಗೆ ಕೊಡುತ್ತಾರೆ. ಮೊದಲ ಸಲ ನನ್ನ ಮುಂದಿಟ್ಟಾಗ "ನನಗೇನೂ ಆಗಿಲ್ಲರಿ, ಆರಾಮ ಅದೀನಿ" ಅಂದಿದ್ದೆ. ಸರೋಜ ನಕ್ಕು ನಕ್ಕು ಗೋಡೆ ಹಿಡಿದುಕೊಂಡಿದ್ದಳು. ಆಮೇಲೆ ಅದಕ್ಕೆ ಪ್ರತಿಯಾಗಿ ನಾನು ಅವಳಿಗೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿದೆ. ಊರಿಂದ ತಂದ ಹಿಟ್ಟು ಮುಗಿಯುವ ತನಕ ಇಬ್ಬರೂ ಬಡಿದೆವು. ಅವಳ ರೊಟ್ಟಿ ಭಾರತದ ನಕಾಶೆಯ ಹಾಗೆ ಆಗುತ್ತಿತ್ತು. "ಹೊಟ್ಟೆಗೆ ಹೋದ ಮೇಲೆ ಎಲ್ಲಾ ಒಂದೇ ಮಾರಾಯ್ತಿ" ಅನ್ನುತ್ತಿದ್ದಳು.

ಗಂಡನಿಗೆ ಮಾಡುವ ಕಷಾಯದ ವಾಸನೆ ಮಾತ್ರ ಬೇರೆಯಾಗಿತ್ತು. ಗೋಡೆ ದಾಟಿ ಬಂದು ಕಣ್ಣು ಉರಿಸುವಷ್ಟು ಶುಂಠಿ, ಕಾಳುಮೆಣಸು. ಒಂದು ದಿನ ಕೇಳಿದೆ, "ಅಷ್ಟು ಶುಂಠಿ ಯಾಕ ಹಾಕ್ತಿ?"

"ಸ್ವಾಮಿಗೆ ತಣ್ಣೀರು ಸ್ನಾನ ಅಲ್ದಾ. ಶೀತ ಆಗ್ತದೆ," ಅಂದಳು. ವಾರ ಹೋಗುವಷ್ಟರಲ್ಲಿ ಶುಂಠಿ ಕಡಿಮೆಯಾಯಿತು, ಆಮೇಲೆ ಎಲ್ಲರ ಮನೆಯ ಕಷಾಯದಂತೆಯೇ ಆಯಿತು. ನಾನು ಆ ಮಾತನ್ನು ಅಲ್ಲಿಗೇ ಮರೆತೆ.

ಶಬರಿಮಲೆಯಿಂದ ಬಂದು ಮಾಲೆ ತೆಗೆದ ದಿನವೇ ಅವನು ಕುಡಿದ. ಅಷ್ಟು ವಾರ ಒಂದು ಹನಿ ಮುಟ್ಟದೆ ಇದ್ದವನು ಸರ ತೆಗೆದು ದೇವರ ಮುಂದಿಟ್ಟು, ಸ್ನಾನ ಮಾಡಿ, ಚಪ್ಪಲಿ ಮೆಟ್ಟಿ ಹೋದವನು ಸಂಜೆಗೆ ಇಬ್ಬರ ಹೆಗಲ ಮೇಲೆ ಬಂದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಗೋಡೆಯ ಮೇಲಿಂದ ಹಳೆಯ ಸದ್ದು ಬಂತು.

ಈ ಸಾಲಿನಲ್ಲಿ ಎಲ್ಲರಿಗೂ ಅದಕ್ಕೊಂದು ಉತ್ತರ ಸಿದ್ಧವಿತ್ತು. "ಮನಸ್ಸು ಮಾಡಿದ್ರೆ ಬಿಡ್ತಾನೆ, ನೋಡಿದ್ರಲ್ಲ. ಮನಸ್ಸಿಲ್ಲ ಅಷ್ಟೆ." ಆ ಮಾತು ನನಗೆ ಹೊಸದಲ್ಲ. ನನ್ನ ತಮ್ಮ ಈರಣ್ಣ ಊರಲ್ಲಿ ಕುಡಿಯುತ್ತಾನೆ. ಅವ್ವ ಫೋನ್ ಮಾಡಿದಾಗಲೆಲ್ಲ ಅದನ್ನೇ ಅನ್ನುತ್ತಿದ್ದಳು: "ಮನಸ್ ಗಟ್ಟಿ ಇಲ್ಲ ಅವಂದು. ಮಾಡಿದ್ರ ಬಿಡತಾನ." ಇನ್ನೂರು ಮೈಲಿ ದೂರ ಬಂದರೂ ಅದೇ ಮಾತು ಬೇರೆ ಉಚ್ಚಾರದಲ್ಲಿ ನನ್ನನ್ನು ಕಾಯುತ್ತಿತ್ತು. ಚಂದ್ರಣ್ಣನನ್ನು ಕಂಡ ಮೇಲೆ ನಾನೂ ಅದನ್ನು ನಂಬಿದೆ. ಇವನು ಬಿಡಬಲ್ಲನಾದರೆ ನನ್ನ ತಮ್ಮನೂ ಬಿಡಬಲ್ಲ.

ಮರುವರ್ಷ ಕಾರ್ತಿಕಕ್ಕೆ ಮೊದಲು ಚಂದ್ರಣ್ಣ ಕಪ್ಪು ಅಂಗಿ ಹೊಲಿಸಲು ಬಂದ. ಮಾಲೆ ಹಾಕಿದ ಮೇಲೆ ಹೆಂಗಸು ಮುಟ್ಟುವ ಹಾಗಿಲ್ಲವಲ್ಲ, ಅಳತೆ ಮೊದಲೇ ಆಗಬೇಕು. ಅವನ ತೋಳಿನ ಮೇಲೆ ಟೇಪು ಹಿಡಿದೆ. ತೋಳು ನಿಲ್ಲಲಿಲ್ಲ. ಎರಡು ಸಲ ಅಳೆದರೆ ಎರಡು ಅಳತೆ ಬಂತು.

"ಉದ್ದದ್ದೇ ಇಟ್ಕಳಿ ಅಕ್ಕ, ಮಡಚ್ಕಳ್ತೀನಿ," ಅಂದ. ಹಿಂದಿನ ವರ್ಷಕ್ಕಿಂತ ಎದೆ ಸಣ್ಣದಾಗಿತ್ತು, ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಕಣ್ಣಿನ ಬಿಳಿಯಲ್ಲಿ ಹಳದಿ.

"ಈ ವರ್ಷ ಬ್ಯಾಡ ಅನ್ನಸ್ತದ ಅಣ್ಣಾ, ಮೈ ಆರಾಮಿಲ್ಲ ನಿಮ್ದು."

"ಎಂತ ಮಾತು ಅಕ್ಕ! ಇದು ನಾಲ್ಕನೇ ಮಾಲೆ. ವರ್ಷಕ್ಕೆ ಇಷ್ಟು ದಿನ ಆದ್ರೂ ಮನುಷ್ಯ ಅಂತ ಅನ್ನಿಸ್ಕಬೇಕಲ್ಲ?"

ಆ ವರ್ಷ ಒಂದು ಬದಲಾವಣೆಯಾಗಿತ್ತು. ಅವರ ತಂಡಕ್ಕೆ ಮಾಲೆ ಹಾಕುವ ಹಿರಿಯರಿಗೆ ಗುರುಸ್ವಾಮಿ ಅನ್ನುತ್ತಾರೆ. ಇವರು ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟ ರಾಮಣ್ಣ, ಬಹಳ ಸಲ ಮಲೆ ಹತ್ತಿದವರು, ನಿಷ್ಠಾವಂತ. ಮನೆಗಳಲ್ಲಿದ್ದರೆ ವ್ರತ ಕೆಡುತ್ತದೆಂದು ಈ ಸಲ ತಗಡಿನ ಶೆಡ್ಡು ಹಾಕಿಸಿ, ಎಲ್ಲರೂ ಅಲ್ಲೇ ಇರಬೇಕು, ಒಂದೇ ಒಲೆಯ ಅಡುಗೆ ಉಣ್ಣಬೇಕು ಎಂದು ಗೊತ್ತು ಮಾಡಿದ್ದರು. ಚಂದ್ರಣ್ಣ ಮಾಲೆ ಹಾಕಿಸಿಕೊಂಡು ಅಲ್ಲಿಗೆ ಹೋದ.

ಮರುದಿನ ಬೆಳಿಗ್ಗೆ ಸರೋಜ ಫ್ಲಾಸ್ಕ್ ಹಿಡಿದು ಶೆಡ್ಡಿನ ಕಡೆ ಹೋಗುವುದನ್ನು ನೋಡಿದೆ. ನನ್ನ ಅಂಗಡಿಯ ಮುಂದೆಯೇ ದಾರಿ. ಸ್ವಲ್ಪ ಹೊತ್ತಿಗೆ ಫ್ಲಾಸ್ಕ್ ಹಿಡಿದುಕೊಂಡೇ ವಾಪಸು ಬಂದಳು.

"ಯಾಕ?"

"ಹೊರಗಿಂದು ಎಂತದೂ ಬೇಡ ಅಂದ್ರು ಗುರುಸ್ವಾಮಿ."

"ಒಂದು ಕಷಾಯ ಕೊಟ್ರ ಏನಾಗ್ತದ?"

ಅವಳು ಫ್ಲಾಸ್ಕನ್ನು ಪಕ್ಕಕ್ಕಿಟ್ಟಳು. ಮೆಟ್ಟಿಲ ಮೇಲೆ ಕೂತು ಅತ್ತಳು. ಗಂಡನಿಗೆ ಒಂದು ಲೋಟ ಕಷಾಯ ಕುಡಿಸಲಾಗಲಿಲ್ಲ ಎಂದು ಹೀಗೆ ಅಳುವ ಹೆಂಗಸನ್ನು ನಾನು ಕಂಡಿರಲಿಲ್ಲ. ಅದೂ ಅಂಥ ಗಂಡನಿಗೆ. ಮರುದಿನವೂ ಹೋದಳು, ಮರಳಿದಳು. ಮೂರನೆಯ ದಿನ ಮಧ್ಯಾಹ್ನ ಶೆಡ್ಡಿನಲ್ಲಿ ಊರವರಿಗೆಲ್ಲ ಊಟವಿತ್ತು. "ನೀವೂ ಬನ್ನಿ ಅಕ್ಕ, ಜನದ ಮಧ್ಯೆ ಹೆಂಗಾದ್ರೂ ಕೊಡ್ತೀನಿ," ಅಂದಳು. ಯಂತ್ರಕ್ಕೆ ಬಟ್ಟೆ ಮುಚ್ಚಿ ಹೋದೆ.

ಈಗ ನಾನು ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ.

ಶೆಡ್ಡಿನ ಒಳಗೆ ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ಸ್ವಾಮಿಗಳು, ಈಚೆ ನಾವು. ಮಂಗಳಾರತಿಯ ಗಂಟೆ ಬಾರಿಸುತ್ತಿದ್ದರು. ಚಂದ್ರಣ್ಣ ಕಂಬಕ್ಕೆ ಒರಗಿ ಕೂತಿದ್ದ. ನಾನು ಹೊಲಿದ ಕಪ್ಪು ಅಂಗಿ ಬೆವರಿನಿಂದ ಮೈಗಂಟಿತ್ತು. ಉಳಿದವರೆಲ್ಲ ಆ ಚಳಿಗೆ ಶಾಲು ಹೊದ್ದಿದ್ದರು. ಅವನು ತೋಳಿನ ಮೇಲಿಂದ ಏನನ್ನೋ ಹೆಕ್ಕಿ ಹೆಕ್ಕಿ ಎಸೆಯುತ್ತಿದ್ದ. ತೋಳಿನ ಮೇಲೆ ಏನೂ ಇರಲಿಲ್ಲ. ಆಮೇಲೆ ಮೂಲೆಯನ್ನು ನೋಡುತ್ತ ಗಟ್ಟಿಯಾಗಿ ಅಂದ:

"ಹುಲಿ. ಅಲ್ಲಿ ಹುಲಿ ಬಂತು!"

ಅಯ್ಯಪ್ಪನ ವಾಹನ ಹುಲಿ. ಯಾರೋ ಕೂಗಿದರು, "ಸ್ವಾಮಿ ಬಂದ್ರು! ಚಂದ್ರನ ಮೈಮೇಲೆ ಸ್ವಾಮಿ ಬಂದ್ರು!"

ಶರಣು ಕೂಗು ತಗಡು ನಡುಗುವಷ್ಟು ಎದ್ದಿತು. ಒಬ್ಬರು ಕರ್ಪೂರ ಹಚ್ಚಿ ತಂದರು. ಸಾಲು ಮನೆಯ ಮುದುಕರು ಹಗ್ಗದ ಈಚೆಯಿಂದ ಉದ್ದಕ್ಕೆ ಬಿದ್ದರು. ಚಂದ್ರಣ್ಣನ ದವಡೆ ಕಟಕಟ ಹೊಡೆದುಕೊಳ್ಳುತ್ತಿತ್ತು. ಒಬ್ಬ ರೈತ ಮುಂದೆ ಬಂದು ಬಗ್ಗಿ ಕೇಳಿದ, "ಸ್ವಾಮಿ, ನಮ್ಮ ಕಪ್ಪು ದನ ವಾರದಿಂದ ಕಾಣೆ. ಬದುಕಿದ್ಯಾ?"

"ಹೆಂಚು ಬೀಳ್ತದೆ," ಅಂದ ಚಂದ್ರಣ್ಣ. "ದೂರ ಸರೀರಿ, ಸರೀರಿ. ಎಲ್ಲಾ ಹೆಂಚೂ ಬೀಳ್ತದೆ!" ಎರಡೂ ಕೈ ತಲೆಯ ಮೇಲೆ ಹಿಡಿದ.

"ಹೆಂಚು ಅಂದ್ರೆ ಹಳೇ ಹೆಂಚಿನ ಕಾರ್ಖಾನೆ ಹತ್ರ ನೋಡು ಮಾರಾಯ," ಅಂದ ಪಕ್ಕದವನು. ರೈತ ಕಣ್ಣೊರೆಸಿಕೊಂಡು ಅಡ್ಡಬಿದ್ದ.

ನನಗೆ ಭಯವಾಗಿತ್ತು, ಆದರೆ ನಾನೂ ಕೈಮುಗಿದಿದ್ದೆ. ನಮ್ಮೂರಲ್ಲೂ ದೇವರು ಮೈಮೇಲೆ ಬರುತ್ತದೆ. ನಡುಕ, ಬೆವರು, ಅರ್ಥವಾಗದ ಮಾತು, ಎಲ್ಲ ಹೀಗೆಯೇ. ಪಕ್ಕದಲ್ಲಿ ಸರೋಜ ಫ್ಲಾಸ್ಕನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳೊಬ್ಬಳೇ ಕೈಮುಗಿದಿರಲಿಲ್ಲ.

ಆಗ ಅವನು ಸೆಟೆದು ಪಕ್ಕಕ್ಕೆ ಉರುಳಿದ. ಕೈಕಾಲು ನೆಲಕ್ಕೆ ಬಡಿದುಕೊಳ್ಳತೊಡಗಿದವು. ಬಾಯಲ್ಲಿ ನೊರೆ, ನೊರೆಯಲ್ಲಿ ರಕ್ತ. ಗಂಟೆ ಇನ್ನೂ ಜೋರಾಯಿತು.

ಸರೋಜ ಹಗ್ಗ ಎತ್ತಿ ಒಳಗೆ ನುಗ್ಗಿದಳು. "ದೇವ್ರಲ್ಲ ಅದು! ಗಂಟೆ ನಿಲ್ಸಿ! ಕುಡಿಯೋದು ಸಿಗದೆ ಹಿಂಗಾಗ್ತಿದೆ ಅವರಿಗೆ, ಸಾಯ್ತಾರೆ!"

"ಮುಟ್ಬೇಡ! ಮಾಲೆಯಲ್ಲಿದಾನೆ, ಮುಟ್ಬೇಡ ಕೂಸೇ!" ಗುರುಸ್ವಾಮಿ ಎರಡು ಕೈ ಅಡ್ಡ ಹಿಡಿದರು.

ಅವಳು ಅವರ ಕೈ ಕೆಳಗಿನಿಂದ ನುಸುಳಿ, ಕೂತು, ಗಂಡನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಫ್ಲಾಸ್ಕ್ ಉರುಳಿ ಮುಚ್ಚಳ ಕಳಚಿತು. ಕಷಾಯ ನೆಲದ ಮೇಲೆ ಹರಿಯಿತು. ಶುಂಠಿಯ ಘಾಟು ಮೇಲೆದ್ದಿತು, ಅದರ ಹಿಂದೆಯೇ ಸಾರಾಯಿಯ ವಾಸನೆ. ಕರ್ಪೂರದ ಹೊಗೆಯಲ್ಲೂ ಅದು ಎಲ್ಲರಿಗೂ ತಿಳಿಯಿತು. ಗಂಟೆ ನಿಂತದ್ದು ಆಗ.

ಯಾರದೋ ಜೀಪಿನಲ್ಲಿ ಆಸ್ಪತ್ರೆಗೆ ಹೋದೆವು. ಹಿಂದಿನ ಸೀಟಿನಲ್ಲಿ ಅವನ ಕಾಲು ನಾನು ಹಿಡಿದಿದ್ದೆ. ಗುರುಸ್ವಾಮಿ ಮುಂದಿನ ಸೀಟಿನಲ್ಲಿದ್ದರು.

ಡಾಕ್ಟರು ಚುಚ್ಚುಮದ್ದು ಕೊಟ್ಟು, ಬಾಟಲಿ ಏರಿಸಿ, ಕೈಕಾಲು ಸ್ವಲ್ಪ ತಣಿದ ಮೇಲೆ ನಮ್ಮತ್ತ ತಿರುಗಿದರು. ಯಾವಾಗಿನಿಂದ ಬಿಟ್ಟಿದ್ದಾನೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂದು ಕೇಳಿದರು.

"ಇಲ್ಲ ಡಾಕ್ಟ್ರೆ," ಅಂದರು ಗುರುಸ್ವಾಮಿ. "ಮೂರು ಸಲ ಮಾಲೆ ಹಾಕಿದಾನೆ. ಹಾಕಿದ ದಿನದಿಂದ ಒಂದು ಹನಿ ಮುಟ್ಟಿದವನಲ್ಲ. ಏನೂ ಆಗಿಲ್ಲ." ಆ ದನಿಯಲ್ಲಿ ಹೆಮ್ಮೆಯಿತ್ತು. ಚಂದ್ರಣ್ಣನನ್ನು ತೋರಿಸಿ ಅವರು ಊರ ಕುಡುಕರಿಗೆಲ್ಲ ಬುದ್ಧಿ ಹೇಳುತ್ತಿದ್ದರು.

ಸರೋಜ ನೆಲ ನೋಡುತ್ತ ಹೇಳಿದಳು, "ಮುಟ್ಟಿದ್ರು. ನಾನೇ ಕೊಡ್ತಿದ್ದೆ."

ಅವಳೇ ಮುಂದುವರಿಸಿದಳು. ಅವಳ ಅಪ್ಪನೂ ಕುಡಿಯುವವನು. ಸೀತೂರಿನಲ್ಲಿ ಒಮ್ಮೆ ಆಣೆ ಮಾಡಿ ಒಂದೇ ಏಟಿಗೆ ಬಿಟ್ಟ. ಹೀಗೇ ಕೈಯಲ್ಲಿ ಇಲ್ಲದ್ದನ್ನು ಹೆಕ್ಕುತ್ತ, ಕಾಣದ್ದನ್ನು ಕಾಣುತ್ತ ಹೋಗಿಬಿಟ್ಟ. ಅದಕ್ಕೆ ಮೊದಲ ಮಾಲೆಯಿಂದಲೇ ಅವಳು ಕಷಾಯಕ್ಕೆ ಸಾರಾಯಿ ಬೆರೆಸತೊಡಗಿದಳು. ಮೊದಲ ದಿನ ಜಾಸ್ತಿ, ದಿನ ಕಳೆದಂತೆ ಕಡಿಮೆ, ವಾರದ ಕೊನೆಗೆ ಬರೀ ಕಷಾಯ. ಕೊಪ್ಪದಲ್ಲಿ ಕೊಳ್ಳಲು ನಾಚಿಕೆ. ತವರಿಗೆ ಹೋಗುತ್ತೇನೆಂದು ಬಸ್ಸು ಹತ್ತಿ ನರಸಿಂಹರಾಜಪುರದಲ್ಲಿ ಇಳಿದು, ಸೆರಗು ತಲೆಗೆ ಹೊದ್ದು ತರುತ್ತಿದ್ದಳು. "ದೇವರಿಗೆ ತಪ್ಪು ಕಾಣಿಕೆ ಕಟ್ಟಿದೀನಿ," ಅಂದಳು. "ಅವರಿಗೆ ಹೇಳ್ಬೇಡಿ ಡಾಕ್ಟ್ರೆ. ಅವರ ಹತ್ರ ಇರೋದು ಅದೊಂದೇ. ಮಾಲೆ ಹಾಕಿದ್ರೆ ನಾನು ಬಿಡಬಲ್ಲೆ ಅಂತ."

ಡಾಕ್ಟರು ಅವಳನ್ನು ಹೊಗಳಲಿಲ್ಲ, ಬೈಯಲೂ ಇಲ್ಲ. "ಅದೃಷ್ಟ ಇತ್ತು, ನಡೀತು. ಇನ್ನು ಮನೇಲಿ ಹಾಗೆ ಮಾಡಬೇಡಿ. ಬಿಡಿಸೋಕೆ ಔಷಧಿ ಇದೆ, ಇಲ್ಲಿಗೆ ಕರ್ಕೊಂಡು ಬನ್ನಿ," ಅಂದರು.

ನನಗೆ ತಡೆಯಲಾಗಲಿಲ್ಲ. "ಹಂಗಾದ್ರ ಬಿಡೂದು ಅವರ ಕೈಯಾಗ ಇಲ್ಲೇನ್ರಿ ಡಾಕ್ಟರ?"

ಅವರು ಕನ್ನಡಕ ತೆಗೆದು ಒರೆಸಿದರು. "ಈಗ ನಡುಗ್ತಿರೋದು ಅವರ ಮನಸ್ಸಲ್ಲಮ್ಮ, ನರ. ಅದಕ್ಕೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ. ಈ ವಾರ ದಾಟಿದ ಮೇಲೆ ಅವರ ಕೈಲಿ ಎಷ್ಟಿದೆ ಅನ್ನೋದನ್ನ ನಾನು ಹೇಳಲಾರೆ. ಅವರನ್ನೇ ಕೇಳ್ಬೇಕು."

ನರ್ಸು ಬಂದು, ಒದ್ದಾಟದಲ್ಲಿ ಸರ ಕುತ್ತಿಗೆಗೆ ಬಿಗಿಯುತ್ತಿದೆ, ತೆಗೆಯಬೇಕು ಎಂದಳು. ಸರೋಜ ಗುರುಸ್ವಾಮಿಯ ಮುಖ ನೋಡಿದಳು. ನಡುವೆ ಮಾಲೆ ತೆಗೆಯುವುದು ಮನೆಯಲ್ಲಿ ಸಾವಾದಾಗ ಮಾತ್ರ. ರಾಮಣ್ಣ ಎದ್ದು ಹೋಗಿ, ತುಟಿಯೊಳಗೆ ಏನನ್ನೋ ಹೇಳಿಕೊಂಡು, ತಾವೇ ಹಾಕಿದ ಸರವನ್ನು ತಾವೇ ತೆಗೆದು ಶಾಲಿನ ತುದಿಯಲ್ಲಿ ಕಟ್ಟಿಕೊಂಡರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದು ಚಂದ್ರಣ್ಣ ಬದುಕಿ ಬಂದ. ಅಷ್ಟರಲ್ಲಿ ಕೊಪ್ಪದ ಪೇಟೆಯ ಸಿಟ್ಟೆಲ್ಲ ಸರೋಜಳ ಮೇಲೆ ತಿರುಗಿತ್ತು. ವರ್ಷಗಟ್ಟಲೆ ಕುಡಿದು ಹೊಡೆದವನ ಮೇಲಲ್ಲ, ಮಾಲೆಯಲ್ಲಿದ್ದವನಿಗೆ ಸಾರಾಯಿ ಕುಡಿಸಿದವಳ ಮೇಲೆ. ನಲ್ಲಿಯ ಹತ್ತಿರ ಅವಳು ಬಂದರೆ ಕೊಡಗಳು ಸರಿಯುತ್ತಿದ್ದವು. "ವ್ರತ ಕೆಡಿಸಿದವಳು" ಎಂದು ನನ್ನ ಅಂಗಡಿಯಲ್ಲೇ ಒಬ್ಬಾಕೆ ರವಿಕೆ ಅಳತೆ ಕೊಡುತ್ತ ಹೇಳಿದಳು. ಟೇಪು ಹಿಡಿದ ನನ್ನ ಕೈ ನಿಂತುಹೋಯಿತು. ಅಕ್ಕಪಕ್ಕದವರು ಸತ್ತರೆ ಅಡುಗೆ ಹೊತ್ತು ತರುವ ಜನ, ಅಪರಿಚಿತಳಾದ ನನಗೆ ಜ್ವರ ಬಂದಾಗ ಗಂಜಿ ಕಳಿಸಿದ ಜನ ಇವರೇ. ಆ ಎರಡನ್ನೂ ಒಟ್ಟಿಗೆ ಹೇಗೆ ಹಿಡಿದುಕೊಳ್ಳಬೇಕು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಸರೋಜ ಹೆದರಿದ್ದು ಊರಿಗಲ್ಲ. ಊರು ಹೇಳಿದ ಮೇಲೆ ಅವನಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾದರೆ ಇನ್ನು ಯಾವ ಧೈರ್ಯದ ಮೇಲೆ ಬಿಡುತ್ತಾನೆ?

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತ. ಕೈಯಲ್ಲಿ ಆ ಕಪ್ಪು ಅಂಗಿ. "ದೊಡ್ದಾಗಿದೆ ಅಕ್ಕ. ಬಿಗಿ ಮಾಡಿಕೊಡಿ. ಕೆಲಸಕ್ಕೆ ಹಾಕ್ಕಂತೀನಿ."

ಯಂತ್ರ ನೋಡುತ್ತ ಅವನೇ ಮಾತು ತೆಗೆದ. "ಎಲ್ರೂ ಹೇಳಿದ್ರು. ಸರೋಜ ಹಿಂಗೆ ಮಾಡಿದ್ಲಂತೆ ಅಂತ. ಹೆಂಡ ಕುಡಿದು ಬೆಳೆದ ನಾಲಿಗೆ ಅಕ್ಕ ಇದು. ಶುಂಠಿ ಹಾಕಿದ್ರೆ ಗೊತ್ತಾಗಲ್ವಾ? ಮೊದಲ್ನೇ ವರ್ಷವೇ ಗೊತ್ತಾಗಿತ್ತು."

ನಾನು ಕಾಲು ತೆಗೆದೆ. ಯಂತ್ರ ನಿಂತಿತು.

"ಕೇಳಿದ್ರೆ ನಿಲ್ಲಿಸಿಬಿಡ್ತಾಳೆ ಅಂತ ಕೇಳ್ಲಿಲ್ಲ. ಕುಡಿಯೋ ಆಸೆಗೆ ಕೇಳ್ಲಿಲ್ವಾ, ಬಿಡೋ ಆಸೆಗೆ ಕೇಳ್ಲಿಲ್ವಾ, ನಂಗೇ ಗೊತ್ತಿಲ್ಲ. ಶೆಡ್ಡಲ್ಲಿ ಕೂತು ಕಾದೆ. ತರ್ತಾಳೆ, ತರ್ತಾಳೆ ಅಂತ. ಆಮೇಲೆಂತದೂ ನೆನಪಿಲ್ಲ."

"ಆಕಿಗೆ ಹೇಳಿರೇನು, ಗೊತ್ತಿತ್ತು ಅಂತ?"

"ಹೆಂಗೆ ಹೇಳೋದು?" ಅಂದ. ಆಮೇಲೆ ನಗುವ ಹಾಗೆ ಮಾಡಿ, "ಶಿವಮೊಗ್ಗದಲ್ಲಿ ಕುಡಿಯೋದು ಬಿಟ್ಟವರದ್ದೇ ಒಂದು ಸಭೆ ಅಕ್ಕ. ಎದ್ದು ನಿಂತು 'ಇದರ ಮುಂದೆ ನನ್ನ ಕೈಲಿ ಏನೂ ಆಗಲ್ಲ' ಅಂತ ಹೇಳ್ಬೇಕು. ಹೇಳಿದವರೆಲ್ಲ ಅತ್ತರು, ಹಗುರ ಆಯ್ತು ಅಂದ್ರು. ಇಲ್ಲಿ ಗುರುಸ್ವಾಮಿ, 'ನಿನ್ನ ಕೈಲಿ ಆಗ್ತದೆ ಚಂದ್ರಾ' ಅಂತಾರೆ. ನನ್ನ ಸರದಿ ಬಂದಾಗ ಸುಮ್ಮನೆ ನಿಂತಿದ್ದೆ. ಮೊದಲ ವಾರ ನನ್ನ ಕೈಲಿ ಇರಲಿಲ್ಲ, ಅದು ನಿಜ. ಅದು ಸರೋಜಂದು. ಆದರೆ ಆಮೇಲಿನ ದಿನ? ಬರೀ ಕಷಾಯ ಕುಡಿದು ಮಲೆ ಹತ್ತಿ ಇಳಿದೆನಲ್ಲ, ಅದು ಯಾರದು?"

"ಮತ್ತ ಸರ ತೆಗೆದ ದಿನಾನ ಯಾಕ ಕುಡದ್ರಿ?"

"ಆವತ್ತಿಂದ ಯಾರೂ ಸ್ವಾಮಿ ಅಂತ ಕರೀಲಿಲ್ಲ," ಅಂದ.

ಅಳತೆಗೆ ತೋಳು ಚಾಚಿದ. ಟೇಪು ಹಿಡಿದೆ. ಸಣ್ಣಗೆ ನಡುಗಿತು, ನಿಂತಿತು. ಒಂದೇ ಅಳತೆ ಬಂತು. ಸಂಜೆ ಗೋಡೆಯ ಮೇಲಿಂದ ಸರೋಜಳ ದನಿ ಕೇಳಿತು: "ಸ್ವಾಮಿ, ಊಟಕ್ಕೆ ಏಳಿ." ಕೊರಳಲ್ಲಿ ಸರವಿರಲಿಲ್ಲ, ಆದರೂ ಹಾಗೇ ಕರೆದಳು. ಅವನು ಅವಳಿಗೆ ಹೇಳಿದನೋ, ಅಥವಾ ಅಂಗಡಿಯಲ್ಲಿ ನಡೆದ ಮಾತು ಊರಲ್ಲಿ ಎಲ್ಲ ಮಾತೂ ತಲುಪುವ ಹಾಗೆ ಅವಳನ್ನು ತಲುಪಿತೋ, ನಾನು ವಿಚಾರಿಸಲಿಲ್ಲ.

ಯುಗಾದಿಗೆ ಎರಡು ದಿನ ಮುಂಚೆ ಅಂಗಡಿಗೆ ಅವ್ವನ ಫೋನ್ ಬಂತು. ದನಿ ಸಂತೋಷದಿಂದ ಕುಣಿಯುತ್ತಿತ್ತು. "ನಿನ್ನ ತಮ್ಮ ಕುಡಿಯೂದು ಬಿಟ್ಟಾನವ್ವಾ! ಬನಶಂಕರಿ ಮ್ಯಾಲ ಆಣಿ ಮಾಡ್ಯಾನ. ಮೊನ್ನಿಂದ ಒಂದು ಹನಿ ಮುಟ್ಟಿಲ್ಲ."

ಎಷ್ಟೋ ವರ್ಷ ಕಾದ ಮಾತು ಅದು.

"ಕೈ ನಡುಗ್ತಾವೇನವ್ವಾ?"

"ಚೂರು ನಡುಗ್ತಾವ. ನಿತ್ರಾಣ. ಬೆವತಾನ. ರಾತ್ರಿ ನಿದ್ದಿ ಇಲ್ಲ. ಗ್ವಾಡಿ ಮ್ಯಾಲ ಇರುವಿ ಅದಾವ ಅಂತಾನ, ನನಗ ಕಾಣವಲ್ವು."

"ಯವ್ವಾ, ಈಗಿಂದೀಗ ದವಾಖಾನಿಗೆ ಒಯ್ರಿ."

"ಏನ್ ಹುಚ್ಚಿ ಅದಿಯೇ? ಕುಡಿಯೂ ಮುಂದ ಯಾರೂ ದವಾಖಾನಿಗೆ ಒಯ್ಲಿಲ್ಲ, ಬಿಟ್ಟ ಮ್ಯಾಲ ಒಯ್ಬೇಕಾ? ಮಂದಿ ನಗತಾರ. ಆ ಮಳಿ ಊರಾಗ ಕುಂತು ನಿನ್ನ ತಲಿ ನೆಂದದ."

ನಾನು ಕೂಗಿದೆ, ಬೇಡಿಕೊಂಡೆ. ಅವ್ವ ಅಳುತ್ತ, ಒಳ್ಳೆಯ ಸುದ್ದಿ ಹೇಳಿದರೆ ಅಪಶಕುನ ನುಡಿಯುತ್ತೀಯ ಅಂದಳು. ಸರೋಜ ಅಂಗಡಿಯಲ್ಲೇ ಗುಂಡಿ ಹಚ್ಚುತ್ತ ಕೂತಿದ್ದಳು. ಎದ್ದು ಬಂದು ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡಳು.

"ಅಮ್ಮಾ, ನಾನು ಸರೋಜ ಅಂತ. ನೀಲಕ್ಕನ ಪಕ್ಕದ ಮನೆಯವಳು. ನನ್ನ ಅಪ್ಪಯ್ಯಂಗೂ ಇರುವೆ ಕಾಣ್ತಿತ್ತಮ್ಮಾ. ನಮಗೆ ಗೊತ್ತಾಗ್ಲಿಲ್ಲ. ಒಳ್ಳೇದಾಗ್ತಿದೆ ಅಂದ್ಕಂಡು ಕೂತ್ವಿ." ತಡೆದು ಮತ್ತೆ ಹೇಳಿದಳು. "ಮಗ ಆಣೆ ಮಾಡಿದ್ದು ನಿಜ. ಅದು ಅವನದ್ದೇ. ಅದನ್ನ ಉಳಿಸ್ಬೇಕಾದ್ರೆ ಇವತ್ತೇ ಕರ್ಕಂಡು ಹೋಗಿ."

ಆ ಕಡೆ ಅವ್ವನಿಗೆ ಅವಳ ಮಾತು ಎಷ್ಟು ತಿಳಿಯಿತೋ ಗೊತ್ತಿಲ್ಲ. ನಾನು ಮೊದಲ ತಿಂಗಳು ಸರೋಜಳ ಅರ್ಧ ಮಾತಿಗೆ ಸುಮ್ಮನೆ ತಲೆಯಾಡಿಸುತ್ತಿದ್ದೆ. ರಿಸೀವರ್ ಮತ್ತೆ ನನ್ನ ಕೈಗೆ ಬಂದಾಗ ಅವ್ವ ತಗ್ಗಿದ ದನಿಯಲ್ಲಿ, "ಮಾವನ ಗಾಡಿ ಕರೀತೀನಿ. ಬಾಗಲಕೋಟಿಗೆ ಒಯ್ತೀವಿ," ಅಂದಳು. ಆಮೇಲೆ, "ಆಕಿ ಯಾರವ್ವಾ? ನಿಮ್ಮ ಕಡೆಯಾಕಿ ಏನು?"

"ಹೌದು ಮಾರಾಯ್ತಿ, ನಮ್ಮ ಕಡೆಯವಳೇ," ಅಂದೆ. ಅವ್ವನನ್ನು ಮಾರಾಯ್ತಿ ಅಂದಿದ್ದು ಫೋನ್ ಇಟ್ಟ ಮೇಲೆ ತಿಳಿಯಿತು.

ಈರಣ್ಣ ದಾರಿಯಲ್ಲೇ ಸೆಟೆದುಕೊಂಡನಂತೆ, ಆದರೆ ಆಸ್ಪತ್ರೆ ಹತ್ತಿರವಿತ್ತು. ಉಳಿದ. ಆಣೆ ಉಳಿದಿದೆಯೇ ಎಂದು ಪ್ರತಿ ವಾರ ಫೋನಿನಲ್ಲಿ ಅವನ ದನಿ ಕೇಳಿ ತಿಳಿಯಲು ನೋಡುತ್ತೇನೆ. ಕೆಲವು ವಾರ ಗೊತ್ತಾಗುತ್ತದೆ, ಕೆಲವು ವಾರ ಇಲ್ಲ. ಇಲ್ಲಿ ಹಾಗಲ್ಲ, ಗೋಡೆ ಅರ್ಧಕ್ಕೇ ನಿಂತಿದೆ. ಬೆಳಕು ಹರಿಯುವ ಹೊತ್ತಿಗೆ ಎಚ್ಚರವಾದರೆ ಮೊದಲು ಲೋಟ ಕಲಕುವ ಸದ್ದಿಗೆ ಕಾಯುತ್ತೇನೆ, ಆಮೇಲೆ ಮೂಗಿಗೆ ಬರುವ ವಾಸನೆಯಲ್ಲಿ ಶುಂಠಿ ಎಷ್ಟಿದೆ ಎಂದು ನೋಡುತ್ತೇನೆ. ಊರಿಗೆ ಹೋದಾಗ ಮಣ್ಣಿನ ದಪ್ಪ ಗೋಡೆಯ ಕೋಣೆಯಲ್ಲಿ, ತಮ್ಮನ ಪಕ್ಕದ ಕೋಣೆಯಲ್ಲೇ ಮಲಗುತ್ತೇನೆ. ಅಲ್ಲಿ ಏನೂ ಕೇಳಿಸುವುದಿಲ್ಲ. ಹುಟ್ಟಿದ ಮನೆಯಲ್ಲಿ ನನಗೆ ನಿದ್ದೆ ಬರುವುದಿಲ್ಲ.